ಖಾಲಿ ಕುರ್ಚಿಯ ಶಾಖ

ಯಾರೂ ಕೂರದ ಕುರ್ಚಿ ಮೂರು ವಾರದಿಂದ ದಿನವೂ ಮಧ್ಯಾಹ್ನ ಮೂರೂ ಹತ್ತಕ್ಕೆ ಬೆಚ್ಚಗಾಗುತ್ತಿತ್ತು. ಪ್ರಯೋಗಾಲಯದಲ್ಲಿ ಒಬ್ಬಳೇ ಕೆಲಸ ಮಾಡುವ ಸಂಶೋಧಕಿ ಮೊದಲು ದೂರಿದ್ದು ಸೆನ್ಸರನ್ನು. ಕೋಣೆಯ ಶಾಖ ನೋಡಲೆಂದು ಪಕ್ಕದ ಕುರ್ಚಿಯ ಬೆನ್ನಿಗೆ ಅದನ್ನು ಕಟ್ಟಿದವಳು ಅವಳೇ. ಸೆನ್ಸರ್ ಬದಲಾಯಿಸಿದಳು, ವೈರ್ ಬದಲಾಯಿಸಿದಳು. ಕಂಪ್ಯೂಟರಿನ ಗ್ರಾಫಿನಲ್ಲಿ ಮಾತ್ರ ಅದೇ ಹೊತ್ತಿಗೆ ಗುಡ್ಡದಂಥ ಪೀಕ್ ತಲೆ ಎತ್ತುತ್ತಲೇ ಇತ್ತು.

ಅತ್ತಿಗೆಗೆ ಫೋನಿನಲ್ಲಿ ಹೇಳಿದರೆ, ಕುರ್ಚಿಗೂ ಜ್ವರ ಬರುತ್ತದೆಂದು ಇವತ್ತೇ ಕೇಳಿದ್ದು ಎಂದು ನಕ್ಕುಬಿಟ್ಟಳು. ಇವಳಿಗೆ ನಗು ಬರಲಿಲ್ಲ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತಂತೆ ಅನಿಸುತ್ತಿತ್ತು. ಹೆದರಿಕೆಯೇನೋ ಆಗುತ್ತಿತ್ತು. ಆದರೂ ಮೂರು ಗಂಟೆಯಾದರೆ ಸಾಕು, ಕೈ ತಾನಾಗಿ ಕೂದಲು ಸರಿಮಾಡಿಕೊಳ್ಳುತ್ತಿತ್ತು. ಹುಚ್ಚು ಅನ್ನಿ, ಅವಳೂ ಹಾಗೇ ಅಂದುಕೊಂಡಿದ್ದಳು.

ಪೀಕಿನ ಅರ್ಧ ಎತ್ತರದಲ್ಲಿ ಅಡ್ಡಗೆರೆ ಎಳೆದು ಅಲ್ಲಿ ಪೀಕಿನ ಅಗಲವನ್ನು ಸೆಕೆಂಡಿನಲ್ಲಿ ಅಳೆದರೆ, ಬಂದವನು ಎಷ್ಟು ಹೊತ್ತು ಇದ್ದನೆಂದು ತಿಳಿಯುತ್ತದೆ. ಬಂದವನು ಎಂದುಕೊಂಡಾಗ ಅವಳಿಗೆ ಒಬ್ಬನೇ ನೆನಪಾಗುತ್ತಿದ್ದ. ಕೆಳಮಹಡಿಯಲ್ಲಿ ಒಡೆದ ಗಾಜಿನ ನಳಿಗೆಗಳನ್ನು ಬೆಸೆಯುವವನು. ಮಾತಾಡುವಾಗ ಅವಳನ್ನು ನೋಡದೆ ಕೈಯಲ್ಲಿದ್ದ ಗಾಜನ್ನೇ ನೋಡುತ್ತಿದ್ದ. ಗಾಜಿನಲ್ಲಿ ಕಾಣುತ್ತಿದ್ದುದು ಯಾರ ಮುಖವೆಂದು ಇಬ್ಬರಿಗೂ ಗೊತ್ತಿತ್ತು. ಅವನೇ ಆಗಿರಲಿ ಎಂದು ಅವಳ ಆಸೆ.

ಗುರುವಾರ ನಳಿಗೆ ಕೊಡಲು ಬಂದವನನ್ನು, ನಿನ್ನೆ ಮೂರೂ ಹತ್ತಕ್ಕೆ ಎಲ್ಲಿದ್ದಿರಿ ಎಂದು ಕೇಳಿಯೇಬಿಟ್ಟಳು. ಅವನ ಕಿವಿ ಕೆಂಪಾಯಿತು.

"ಕೆಳಗೆ, ಮೆಟ್ಟಿಲ ಹತ್ರ. ನಿಮ್ಮ ಪಕ್ಕ ಒಂದು ಗಳಿಗೆ ಕೂತು ಬರೋಣ ಅಂತ ದಿನಾ ಹೊರಡ್ತೀನಿ. ಧೈರ್ಯ ಸಾಲಲ್ಲ. ಕಣ್ಣು ಮುಚ್ಚಿ ನಿಂತು ಸೆಕೆಂಡ್ ಎಣಿಸ್ತೀನಿ, ಆಮೇಲೆ ವಾಪಸ್ ಹೋಗ್ತೀನಿ. ನಿನ್ನೆ ನಲವತ್ತರ ತನಕ ಎಣಿಸಿದೆ."

ಅವಳು ಗ್ರಾಫಿನತ್ತ ತಿರುಗಿದಳು. ತೆರೆಯ ಮೇಲೆ ನಿನ್ನೆಯ ಅಗಲ ಎಪ್ಪತ್ತಿತ್ತು. ಹಾಗಾದರೆ ಇಷ್ಟು ದಿನ ಪಕ್ಕದಲ್ಲಿ ಕೂತದ್ದು ಯಾರು?

ಅವನು ಬಗ್ಗಿ ಗ್ರಾಫ್ ನೋಡಿದ.

"ಸೊನ್ನೆಯಿಂದ ಅಳೆದಿದೀರಲ್ಲ ಮೇಡಂ. ಕುಲುಮೆ ಗ್ರಾಫಲ್ಲಿ ನಾನೂ ಈ ತಪ್ಪು ಮಾಡಿದೀನಿ. ಕೋಣೆಯ ಶಾಖ ಮೊದಲೇ ಒಂದಷ್ಟಿದೆ, ಅದನ್ನ ಕಳೆದು ಅರ್ಧ ಹಿಡೀರಿ."

ಅವಳು ಕಳೆದಳು. ಅಡ್ಡಗೆರೆ ಮೇಲೆ ಸರಿಯಿತು. ಅಗಲ ನಲವತ್ತು. ಮಂಗಳವಾರ ಎಷ್ಟು ಎಣಿಸಿದಿರಿ ಎಂದಳು, ಮೂವತ್ತಮೂರು ಎಂದ. ಗ್ರಾಫೂ ಮೂವತ್ತಮೂರೇ ಎಂದಿತು. ಸೋಮವಾರದ ಇಪ್ಪತ್ತೂ ತಾಳೆಯಾದಾಗ ಅವನ ಮುಖ ಬಿಳಿಚಿಕೊಂಡಿತು.

"ನಾನು ಮೆಟ್ಟಿಲು ಹತ್ತೇ ಇಲ್ಲ," ಎಂದ ಮೆಲ್ಲಗೆ.

"ಹತ್ತಿಲ್ಲ, ಸರಿ. ಆದ್ರೂ ದಿನಾ ಬಂದು ಹೋಗಿದೀರಿ. ನಾನೂ ದಿನಾ ಕಾದಿದೀನಿ."

ಬೆಂಕಿಯ ಮುಂದೆ ದುಡಿಯುವ ಕೈ ಬಿಸಿಯಾಗಿರುತ್ತದೆಂದುಕೊಂಡು ಹಿಡಿದಳು. ಮಂಜಿನಂತೆ ಕೊರೆಯುತ್ತಿತ್ತು. ಮೂರು ವಾರದಿಂದ ಹೀಗೇ, ಕುಲುಮೆಗೆ ಎಷ್ಟು ಹತ್ತಿರ ಹಿಡಿದರೂ ಬೆಚ್ಚಗಾಗುತ್ತಿಲ್ಲ ಎಂದು ಅವನು ಸಂಕೋಚದಿಂದ ಹೇಳಿದ.

ಆ ಶಾಖ ಎಲ್ಲಿಗೆ ಬರುತ್ತಿತ್ತೆಂದು ಅವಳಿಗೆ ಅರ್ಥವಾಯಿತು. ಮೈಮೇಲೆ ಮುಳ್ಳೆದ್ದರೂ ಕೈ ಬಿಡಲಿಲ್ಲ.

"ನಾಳೆಯಿಂದ ಪೂರ್ತಿ ಬನ್ನಿ," ಎಂದಳು. "ಹೀಗೆ ಸ್ವಲ್ಪ ಸ್ವಲ್ಪವೇ ಬರ್ತಾ ಇದ್ರೆ, ಅಲ್ಲಿ ಕೆಳಗೆ ನೀವು ಉಳಿಯೋದಿಲ್ಲ."