ನಲವತ್ತೊಂದನೇ ಸೈಪ್ರೆಸ್ ಹಾಳೆ

ಸೋಮವಾರ ಬೆಳಿಗ್ಗೆ 10.20ಕ್ಕೆ ಸಸ್ಯಸಂಗ್ರಹಾಲಯದ ಪ್ರೊಫೆಸರ್ ಏದುಸಿರು ಬಿಡುತ್ತಾ ಠಾಣೆಗೆ ಬಂದರು. ಕಾಡು ಸೈಪ್ರೆಸ್ ಮರದ ರೆಂಬೆಗಳನ್ನು ಒಣಗಿಸಿ ಅಂಟಿಸಿದ್ದ ನಲವತ್ತೊಂದು ಹಾಳೆಗಳು ಕಪಾಟಿನಿಂದ ಮಾಯವಾಗಿದ್ದವು. ಮುಂದಿನ ವಾರ ಆ ಮರದ ಹೊಸ ಪ್ರಭೇದಕ್ಕೆ ಅವರ ಹೆಸರಿಡುವುದಿತ್ತು. ಪುರಾವೆಯಾಗಿ ಈ ಹಾಳೆಗಳಿಲ್ಲದಿದ್ದರೆ ಹೆಸರೂ ಇಲ್ಲ. ಎಫ್‌ಐಆರ್ ದಾಖಲಾಯಿತು.

11.45ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಹಿತ್ತಲಿನ ಕಸದ ಗುಂಡಿಯಲ್ಲಿ ಬೂದಿ ಸಿಕ್ಕಿತು. ಖಾಲಿ ಕಪಾಟಿನಲ್ಲಿ ಮುಖ್ಯಪೇದೆಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿಯೊಂದು ಸಿಕ್ಕಿತು: 'ಹೊರಗೆ ಹೋದ ಹಾಳೆ: 40'. ಕೆಳಗೆ ಭಾನುವಾರದ ತಾರೀಕು.

"ಸಾರ್, ಕಳ್ಳ ರಸೀದಿ ಕೊಟ್ಟು ಹೋಗಿದಾನೆ!"

ಇನ್‌ಸ್ಪೆಕ್ಟರ್ ನಗಲಿಲ್ಲ. ಯಾರೇ ಹಾಳೆ ತೆಗೆದರೂ ಚೀಟಿ ಇಡಬೇಕೆಂಬುದು ಅಲ್ಲಿನ ನಿಯಮ. ಸುಡಲು ಒಯ್ಯುವಾಗಲೂ ಕೈ ಸುಮ್ಮನಿರದಷ್ಟು ರೂಢಿ ಯಾರಿಗಿದೆ? ಅಕ್ಷರ ತಾಳೆ ನೋಡಲು ಹತ್ತು ನಿಮಿಷ ಸಾಕಾಯಿತು. ಅದು ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಹಾಳೆಗೆ ರೆಂಬೆ ಅಂಟಿಸುತ್ತಿದ್ದ ಹೆಂಗಸಿನದು; ಎಲ್ಲರ ಬಾಯಲ್ಲಿ ಅವಳು ಅಂಟಕ್ಕ. ಆಗಲೂ ಅಂಟು ಕಲಸುತ್ತಾ ಕೂತಿದ್ದಳು.

"ನಲವತ್ತು ಸುಟ್ರಿ. ಇನ್ನೊಂದು ಎಲ್ಲಿ?"

ಅವಳು ಮೇಜಿನ ಡ್ರಾಯರ್ ಎಳೆದು ಹಾಳೆ ಮುಂದಿಟ್ಟಳು. ಮೂಲೆಯ ಚೀಟಿಯಲ್ಲಿ ಪ್ರೊಫೆಸರರ ಅಕ್ಷರ: 'ನೆಲಕ್ಕೆ ಬಿದ್ದಿದ್ದ ರೆಂಬೆ.' ಕೆಳಗೆ ತಾರೀಕು.

"ತುದಿ ನೋಡಿ ಸಾರ್."

ತುದಿಯನ್ನು ಚಾಕುವಿನಿಂದ ಓರೆಯಾಗಿ ಕೊಯ್ಯಲಾಗಿತ್ತು.

"ಮುರಿದು ಬಿದ್ದಿದ್ದು ಹೀಗಿರತ್ತಾ? ಪ್ರೊಫೆಸರ್ರು ಹಗ್ಗಾನೂ ಕೊಡದೆ ನನ್ನ ತಮ್ಮನ್ನ ಬಂಡೆಯಂಚಿನ ಮರಕ್ಕೆ ಹತ್ತಿಸಿದ್ರು. ರೆಂಬೆ ಕೊಯ್ದು ಹಾಕ್ದ, ಹಿಂದೆನೇ ಅವನೂ ಬಿದ್ದ. ಕುಡಿದು ತಾನೇ ಹತ್ತಿದ ಅಂತ ಬರೆಸಿಬಿಟ್ರು. ತಾರೀಕು ನೋಡಿ, ಅವನು ಸತ್ತ ದಿನ. ಇದನ್ನ ಅಂಟಿಸೋಕೆ ನನ್ನ ಕೈಗೇ ಕೊಟ್ರು ಸಾರ್, ನನ್ನ ಕೈಗೇ!"

"ಹಾಳೆ ಸುಟ್ರೆ ತಮ್ಮ ಬರ್ತಾನಾ?"

"ಬರಲ್ಲ. ಅವನ ಜೀವ ತಿಂದ ಮರಕ್ಕೆ ಆ ಮನುಷ್ಯನ ಹೆಸರೂ ಬರಬಾರದು. ಒಂದೊಂದಾಗಿ ಸುಟ್ಟೆ. ಹೊಟ್ಟೆ ತಣ್ಣಗಾಯ್ತು."

"ಇದನ್ನ ಅವತ್ತೇ ಠಾಣೆಗೆ ತರಬಹುದಿತ್ತಲ್ಲ?"

"ತಂದಿದ್ದೆ. ನಿಮ್ಮ ಠಾಣೆಗೇ. ಒಣಕಡ್ಡಿ ಹಿಡ್ಕೊಂಡು ಕೇಸು ಕೇಳ್ತೀಯಾ ಅಂತ ನಕ್ಕು ಕಳಿಸಿದ್ರು."

ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು. ಆದರೂ ಕಾನೂನು ಕಾನೂನೇ, 2.30ಕ್ಕೆ ಅವಳನ್ನು ಬಂಧಿಸಲಾಯಿತು. ಹಾಳೆ ಜಪ್ತಿಯಾಯಿತು.

3.15ಕ್ಕೆ ಇನ್‌ಸ್ಪೆಕ್ಟರ್ ಎರಡನೇ ದೂರನ್ನು, ಅಂಟಕ್ಕನ ತಮ್ಮನ ಸಾವಿನದನ್ನು, ತಾವೇ ಕೈಯಾರೆ ಬರೆದುಕೊಂಡರು. ದೂರುದಾರಳು ಲಾಕಪ್ಪಿನಲ್ಲಿದ್ದಳು. ಆರೋಪಿ ಹೊರಗಿನ ಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು, ತನ್ನ ಎಫ್‌ಐಆರ್ ಪ್ರತಿಗೆ ಇನ್ನೂ ಎಷ್ಟು ಹೊತ್ತು ಎಂದು ಪೇದೆಯನ್ನು ಗದರುತ್ತಿದ್ದ.