ಏಳು ದಿನ ಬಿಟ್ಟು ಎರಡು ದಿನ

“ಇಲ್ಲೊಂದು ಸಹಿ ಹಾಕು. ಐದು ಗಂಟೆಯೊಳಗೆ ಆಗ್ಬೇಕು.”

ಎಂಟು ತಿಂಗಳ ನಂತರ ಎದುರಾದ ಗಂಡ ಆಡಿದ ಮೊದಲ ಮಾತು ಇದು! ಹೇಗಿದ್ದೀಯ ಎಂದಿಲ್ಲ, ಊಟ ಆಯ್ತಾ ಎಂದಿಲ್ಲ...

ಕೃತಕ ಹಲ್ಲು ತಯಾರಿಸುವ ಲ್ಯಾಬಿನಿಂದ ಅರ್ಧ ದಿನ ರಜೆ ಹಾಕಿ, ಈ ರೆಸಾರ್ಟ್ ಕ್ಲಬ್ಬಿನ ಆಫೀಸಿಗೆ ಓಡಿ ಬಂದಿದ್ದಳು ಅವಳು. ಕುತ್ತಿಗೆಗೆ ಬಿಗಿಯಾಗಿ ಸ್ಕಾರ್ಫ್ ಸುತ್ತಿದ್ದಳು. ಅವನು ಲಿಫ್ಟ್ ಮೆಕ್ಯಾನಿಕ್. ಅಂಗಿಯ ತೋಳಿಗೆ ಗ್ರೀಸ್ ಮೆತ್ತಿತ್ತು. ‘ಸೊರಗಿದ್ದಾರೆ’ ಅಂದುಕೊಂಡಿತು ಅವಳ ಹಾಳು ಮನಸ್ಸು.

ಮದುವೆಯಾದ ಹೊಸತರಲ್ಲಿ ಇಬ್ಬರ ಹೆಸರಿನಲ್ಲೂ ಕೊಂಡ ಸದಸ್ಯತ್ವ ಅದು. ವರ್ಷಕ್ಕಿಷ್ಟು ಪಾಯಿಂಟ್ ಬರುತ್ತವೆ. ಕ್ಲಬ್ಬಿನ ರೆಸಾರ್ಟಿನಲ್ಲಿ ತಂಗಬಹುದು, ಹೊರಗಿನ ಹೋಟೆಲಿಗೂ ಬಳಸಬಹುದು. ಹೊರಗಿನದಾದರೆ ಇಬ್ಬರ ಸಹಿಯೂ ಬೇಕು. ಕೂಡಿಟ್ಟ ಪಾಯಿಂಟೆಲ್ಲ ಇವತ್ತು ಸಂಜೆ ಐದಕ್ಕೆ ರದ್ದು. ಗೋಡೆಯ ಗಡಿಯಾರದಲ್ಲಿ ಆಗಲೇ ನಾಲ್ಕೂಮುಕ್ಕಾಲು.

ಕೌಂಟರಿನ ಮೇಡಂ ಕನ್ನಡಕ ಸರಿಮಾಡಿಕೊಂಡರು. “ನೋಡಮ್ಮಾ, ಇಲ್ಲಿ ಕೆಲಸ ಮಾಡೋಳು ನಾನೇ ಹೇಳ್ತಿದೀನಿ, ಇದು ಶುದ್ಧ ಲಾಸು. ಇದೇ ಪಾಯಿಂಟಿಗೆ ನಮ್ಮ ರೆಸಾರ್ಟಲ್ಲಿ ಏಳು ದಿನ ಸಿಗುತ್ತೆ. ಆ ಹೋಟೆಲಲ್ಲಿ ಬರೀ ಎರಡೇ ದಿನ. ನಿಮ್ಮ ಯಜಮಾನ್ರು ಕೇಳ್ತಾನೇ ಇಲ್ಲ!”

ಅವಳಿಗೆ ಕಿವಿ ನಂಬಲಾಗಲಿಲ್ಲ. ಇವರಾ? ಲಾಸು ಅಂತ ಐದು ವರ್ಷ ಎಲ್ಲಿಗೂ ಕರೆದುಕೊಂಡು ಹೋಗದ ಈ ಮಹಾನುಭಾವರಾ?

‘ಹೋಟೆಲಿಗೆ ಹಾಕಿದ್ರೆ ದಂಡ ಕಣೇ, ರೆಸಾರ್ಟ್ ಸೀಸನ್ ಬರ್ಲಿ’ ಎನ್ನುತ್ತಿದ್ದ. ಸೀಸನ್ ಬಂದರೆ ಊರ ಲಿಫ್ಟುಗಳೆಲ್ಲ ಒಟ್ಟಿಗೆ ಕೆಟ್ಟು ಕೂರುತ್ತಿದ್ದವು. ಕೊನೆಯ ಸಲ ಅವಳು ಎರಡು ಬ್ಯಾಗು ತುಂಬಿ ಬಾಗಿಲಲ್ಲಿ ನಿಂತಿದ್ದಾಗಲೂ ಅವನು ಫೋನಿನಲ್ಲಿ ಪಾಯಿಂಟ್ ಹೋಲಿಸುತ್ತಾ ಕೂತಿದ್ದ. “ನನ್ನ ಜೊತೆ ಎರಡು ದಿನ ಇರೋದೂ ಲಾಸಾ ನಿಮಗೆ?” ಎಂದವಳು, ಒಂದೇ ಬ್ಯಾಗು ಹಿಡಿದು ಅಣ್ಣನ ಮನೆ ಸೇರಿದ್ದಳು.

ಈಗ ಅದೇ ಮನುಷ್ಯ ಎರಡು ದಿನಕ್ಕೆ ಎಲ್ಲವನ್ನೂ ಸುರಿಯಲು ಹೊರಟಿದ್ದಾನೆ! ಫಾರಮ್ಮಿನ ಮೇಲ್ಭಾಗವನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಾನೆ. ಕೆಳಗೆ ಮಾತ್ರ ಕಾಣುತ್ತಿತ್ತು... ಅತಿಥಿಗಳು: ಇಬ್ಬರು.

ಅವಳು ಫಾರಮ್ಮಿನಿಂದ ತಲೆಯೆತ್ತಿದಳು.

“ಯಾರನ್ನ ಕರ್ಕೊಂಡು ಹೋಗ್ತಿದೀರಿ?”

“ಸಹಿ ಹಾಕು, ಅಷ್ಟೇ.”

“ಯಾರು ಅಂತ ಕೇಳ್ದೆ!”

ಅವನು ಪೆನ್ನನ್ನು ಅವಳ ಮುಂದಿಟ್ಟ. ಹಾಗಾದರೆ ನಿಜ. ಎಂಟೇ ತಿಂಗಳಲ್ಲಿ ಇನ್ನೊಬ್ಬಳು ಬಂದಾಗಿದೆ. ಸ್ಕಾರ್ಫಿನೊಳಗಿನ ಗಂಟು ಉಗುಳು ನುಂಗಲೂ ಬಿಡಲಿಲ್ಲ.

ಪೆನ್ನನ್ನು ಅವನತ್ತ ತಳ್ಳಿದಳು. “ಹಾಕಲ್ಲ. ಹಾಳಾಗಿ ಹೋಗ್ಲಿ ನಿಮ್ಮ ಪಾಯಿಂಟು!”

“ದಮ್ಮಯ್ಯ ಕಣೇ... ಇನ್ನು ಹತ್ತೇ ನಿಮಿಷ ಇದೆ. ಆಮೇಲೆ ಬೇಕಾದ್ರೆ ಜನ್ಮ ಪೂರ್ತಿ ಬೈಯಿ.”

ಪೆನ್ನನ್ನು ಮತ್ತೆ ಅವಳತ್ತ ಸರಿಸಿದ. ಹತ್ತನೇ ಮಹಡಿಯ ಲಿಫ್ಟಿನ ನೆತ್ತಿ ಮೇಲೆ ನಿಂತಾಗಲೂ ದೇವರಿಗೆ ದಮ್ಮಯ್ಯ ಅನ್ನದ ಮನುಷ್ಯ ಅವನು.

“ಅಷ್ಟು ಬೇಕಾದವಳಾ ಅವಳು?”

“ಹೂಂ,” ಎಂದ, ತಲೆ ತಗ್ಗಿಸಿ. “ಅಷ್ಟು ಬೇಕಾದವಳು.”

ತಡೆಯಲಾಗಲಿಲ್ಲ. ಅವನ ಅಂಗೈ ಕೆಳಗಿನಿಂದ ಫಾರಂ ಕಿತ್ತುಕೊಂಡಳು.

ಮೊದಲನೇ ಅತಿಥಿ... ಅವಳದೇ ಹೆಸರು! ಎರಡನೆಯದು, ಅವಳ ಅತ್ತಿಗೆಯ ಹೆಸರು. ದಿನ, ಗುರುವಾರ ಮತ್ತು ಶುಕ್ರವಾರ. ಹೋಟೆಲಿನ ವಿಳಾಸದಲ್ಲಿ ದೂರದ ಆ ದೊಡ್ಡಾಸ್ಪತ್ರೆಯ ಎದುರು ರಸ್ತೆ.

ಗುರುವಾರ ಅಲ್ಲೇ ಅವಳ ಕುತ್ತಿಗೆಯ ಗಂಟು ತೆಗೆಯುವುದಿತ್ತು. ಅದು ಎಂಥ ಗಂಟು ಎಂದು ಗೊತ್ತಾಗುವುದು ಶುಕ್ರವಾರ.

“ನಿಮಗೆ... ಯಾರು ಹೇಳಿದ್ರು?”

“ಭಾವ ಫೋನ್ ಮಾಡಿದ್ರು. ಆಸ್ಪತ್ರೆಯಿಂದ ಸಂಜೆಗೇ ಕಳಿಸಿಬಿಡ್ತಾರಂತೆ. ಹೊಲಿಗೆ ಹಾಕಿಸ್ಕೊಂಡು ನಾಲ್ಕು ಗಂಟೆ ಬಸ್ಸಲ್ಲಿ ಕೂತು ಬಂದು, ಬೆಳಿಗ್ಗೆ ರಿಪೋರ್ಟಿಗೆ ಮತ್ತೆ ಹೋಗ್ತೀಯಾ? ರೂಮ್ ಮಾಡಿದ್ದು ನಾನು ಅಂತ ಗೊತ್ತಾದ್ರೆ ನೀನು ಒಪ್ಪಲ್ಲ. ಅದಕ್ಕೇ ಅಣ್ಣ ಮಾಡಿದ್ದು ಅಂತ ಹೇಳಿಸೋಣ ಅಂದ್ಕೊಂಡಿದ್ವಿ.”

“ಏಳು ದಿನ ಬಿಟ್ಟು ಎರಡು ದಿನ... ಲಾಸಲ್ವಾ?”

ಅವನ ಕಣ್ಣು ತುಂಬಿತು. “ನೀನಿಲ್ದೆ ಏಳು ದಿನ ಇಟ್ಕೊಂಡು ನಾನೇನ್ ಮಾಡ್ಲಿ?”

ಮೇಡಂ ಮೂಗೊರೆಸಿಕೊಂಡರು. “ಐದು ನಿಮಿಷ ಇದೆ ಕಣಮ್ಮಾ... ಬೇಗ!”

ಅವಳು ಸಹಿ ಹಾಕಿದಳು. ಆಮೇಲೆ ಅತ್ತಿಗೆಯ ಹೆಸರು ಹೊಡೆದುಹಾಕಿ, ಅದರ ಮೇಲೆ ಗಂಡನ ಹೆಸರು ಬರೆದಳು. ಕಣ್ಣೀರಿಗೆ ಅಕ್ಷರ ಸೊಟ್ಟಗಾದವು, ಆದರೂ ಮೇಡಂ ಓದಿ ಟೈಪ್ ಮಾಡಿದರು, ಕಂಪ್ಯೂಟರು ಒಪ್ಪಿತು.

“ರಜೆ ಸಿಗುತ್ತಾ ನಿಮಗೆ?”

“ಹಾಕಿ ವಾರ ಆಯ್ತು. ನೀನು ಕರೀದಿದ್ರೂ ಬರ್ತಿದ್ದೆ. ಎದುರಿನ ಫುಟ್‌ಪಾತಲ್ಲಿ ನಿಂತಿರ್ತಿದ್ದೆ.”

“ಎರಡು ದಿನಾನೂ?”

“ಎರಡು ದಿನಾನೂ.”

ಅವಳು ಗ್ರೀಸಾದ ಆ ತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ದಿನ ಯಾರಿಗೂ ಹೇಳದ ಮಾತು ಈಗ ಬಾಯಿಗೆ ಬಂತು.

“ಭಯ ಆಗ್ತಿದೆ ರೀ...”

“ನಂಗೂ ಕಣೇ,” ಎಂದ ಅವನು.