ಜೋಡಿಕಾಳು

ನೂಲಿಗೆ ಹಾಕುವ ಗಂಜಿಗೆ ಒಂದು ಬಗೆಯ ಹುಳಿ ವಾಸನೆ ಇರುತ್ತದೆ. ಗುಳೇದಗುಡ್ಡದಲ್ಲಿ ಅಪ್ಪ ಖಣ ನೇಯುತ್ತಿದ್ದ ಮನೆಯಲ್ಲಿ ಶೈಲಜಾ ಆ ವಾಸನೆಯ ನಡುವೆಯೇ ಬೆಳೆದವಳು. ಈಗ, ಅರವತ್ತಾರನೆಯ ವಯಸ್ಸಿನಲ್ಲಿ, ತಾನೇ ಕಂಡುಹಿಡಿದ ಔಷಧಿಯ ಪೊಟ್ಟಣ ಬಿಡಿಸಿದಾಗ ಅದೇ ವಾಸನೆ ಬಂತು. ಕಾಳಿನ ಮೇಲಿನ ತೆಳು ಪೊರೆಯನ್ನು ಜೋಳದ ಹಿಟ್ಟಿನ ಸತ್ವದಿಂದ ಮಾಡಿದ್ದರು.

ಅದಕ್ಕೆ ಜೋಡಿಕಾಳು ಎಂದು ಹೆಸರು. ಗಾತ್ರವೂ ಜೋಳದ ಕಾಳಿನಷ್ಟೇ. ತೋಳಿನ ಚರ್ಮದಡಿ ಒಮ್ಮೆ ಇಟ್ಟರೆ ಎರಡು ವರ್ಷ ರಕ್ತವನ್ನು ಗಮನಿಸುತ್ತ, ಬೇಕಾದಷ್ಟೇ ಔಷಧಿ ಬಿಡುತ್ತಿರುತ್ತದೆ. ದೇಹವನ್ನು ಕಾಯುವ ರಕ್ತಕಣಗಳನ್ನೇ ಹಿಡಿಯುವ ಎಚ್‌ಐವಿ, ಯಕೃತ್ತಿನಲ್ಲಿ ಮನೆಮಾಡುವ ಹೆಪಟೈಟಿಸ್ ಬಿ, ಈ ಎರಡು ವೈರಸ್‌ಗಳನ್ನೂ ಅದು ಒಟ್ಟಿಗೆ ಕಟ್ಟಿಹಾಕುತ್ತದೆ. ಎರಡೂ ಇರುವವರಿಗೆ ಒಂದಕ್ಕಷ್ಟೇ ಮದ್ದು ಕೊಟ್ಟರೆ ಇನ್ನೊಂದು ತಲೆಯೆತ್ತುತ್ತದೆ. ಇದು ಶೈಲಜಾಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

2061ರ ಆ ಬೆಳಿಗ್ಗೆ ಚಿಕಿತ್ಸಾ ಕೇಂದ್ರದಲ್ಲಿ ಮೂರು ಜನರಿಗೆ ಕಾಳು ಇಟ್ಟಾಗಿತ್ತು. ಸಿಸ್ಟರ್ ಶಕುಂತಲಾ ಒಬ್ಬೊಬ್ಬರ ತೋಳು ಮುಟ್ಟುವ ಮೊದಲು ತನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ನಾಲ್ಕನೆಯವಳಾಗಿ ಬಂದ ಮುದುಕಿ ಕುರ್ಚಿಯಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಿದಳು.

"ಗುರ್ತ ಸಿಗಲಿಲ್ಲೇನ್ರಿ ಡಾಕ್ಟರಬಾಯಿ? ನಾ ಹಜರತಬಿ. ಲಾರಿಗೆ ಚಿತ್ರಾ ಬರೀತಿದ್ನಲ್ಲ ದಾವಲಸಾಬ, ಅಂವನ ಹೇಣ್ತಿ."

 ರೋಗಿಗಳ ಹೆಸರಿನ ಪಟ್ಟಿ ಬಂದ ದಿನವೇ ಶೈಲಜಾಗೆ ಗುರುತು ಸಿಕ್ಕಿತ್ತು.

"ಸೂಜಿ ಅಂದ್ರ ನನಗ ಜೀವಾ ಹೋಗತೈತ್ರಿ," ಎಂದು ಹಜರತಬಿ ಸಿಸ್ಟರ್ ಕಡೆ ತಿರುಗಿ ನಕ್ಕಳು. "ಅದಕ್ಕ ಆವಾಗ ಗುಳಿಗಿಗೇ ಜೋತಬಿದ್ದೆ. ನಮ್ಮಾಂವ ದೊಡ್ಡ ಶೂರ! ಹೊಸಾ ಇಂಜೆಕ್ಷನ್ ಬಂತು ಅನ್ನೂದರಾಗ ಪಾಳೆ ಹಚ್ಚಿ ನಿಂತಾ. ಏನ್ ಬಂತು? ಕುಡದ ಕುಡದ ಕಾಮಣಿ ಮಾಡಕೊಂಡ ಸತ್ತಾ. ಹರಾಮ ಅಂತ ಗೊತ್ತಿದ್ದೂ ಕುಡದಾ. ಬಾಯಾರ ಹಾಳ್ಯಾಗ ಬರದಿದ್ರಲ್ಲ."

ಹೌದು, ಬಾಯಾರೇ ಬರೆದಿದ್ದರು. 2029ರಲ್ಲಿ ಶೈಲಜಾ ಈ ಊರಿನಲ್ಲೇ ಮೂವತ್ತನಾಲ್ಕರ ಹುರುಪಿನ ವೈದ್ಯೆ. ದಿನಾ ನುಂಗುವ ಹಳೆಯ ಮಾತ್ರೆಯಲ್ಲಿದ್ದ ಎರಡು ಔಷಧಿಗಳು ಎಚ್‌ಐವಿಯ ಜೊತೆಗೆ ಹೆಪಟೈಟಿಸ್ ಬಿಯನ್ನೂ ಹಿಡಿದಿಟ್ಟಿದ್ದವು. ಹೊಸ ಇಂಜೆಕ್ಷನ್ ಎಚ್‌ಐವಿಗೆ ಮಾತ್ರ. "ಗುಳಿಗಿ ಕಾಟ ತಪ್ಪತೈತಿ" ಎಂದು ದಾವಲಸಾಬನನ್ನು ಹುರಿದುಂಬಿಸಿ ಬದಲಾಯಿಸಿದವಳು ಅವಳೇ. ಎರಡನೆಯ ವೈರಸ್ ಇದೆಯೋ ಇಲ್ಲವೋ ಎಂದು ಮೊದಲು ನೋಡಲಿಲ್ಲ. ನಾಲ್ಕೇ ತಿಂಗಳಲ್ಲಿ ಕಾಮಾಲೆಯಿಂದ ಅವನ ಕಣ್ಣು ಅರಿಶಿನವಾಯಿತು. "ಖುದಾನಾಣೆ ಮುಟ್ಟಿಲ್ರಿ" ಎಂದು ಅವನು ಆಣೆಯಿಟ್ಟರೂ ಅವಳು ಫೈಲಿನಲ್ಲಿ ಬರೆದದ್ದು ಒಂದೇ ಪದ, ಮದ್ಯಪಾನ.

"ಸಿಸ್ಟರ್, ಸ್ವಲ್ಪ ಹೊರಗಿರ್ರಿ," ಎಂದಳು ಶೈಲಜಾ. ಬಾಗಿಲು ಮುಚ್ಚಿದ ಮೇಲೆ ಹಜರತಬಿಯ ಎದುರು ಕೂತಳು. "ಅವರು ಕುಡದಿರಲಿಲ್ಲ. ನಾ ತಪ್ಪ ಬರದಿದ್ದೆ."

ಬದಲಾಯಿಸಿದ ಮದ್ದು, ನೋಡದೆ ಬಿಟ್ಟ ವೈರಸ್, ಎಲ್ಲವನ್ನೂ ಹೇಳಿದಳು. ತನ್ನನ್ನು ಕಾಪಾಡಿಕೊಳ್ಳುವ ಒಂದು ಮಾತನ್ನೂ ಸೇರಿಸಲಿಲ್ಲ.

ಹಜರತಬಿ ತೋಳಿನಿಂದ ಸರಿಸಿದ್ದ ಸೆರಗನ್ನು ಕೆಳಗೆಳೆದುಕೊಂಡಳು.

"ನಿಮಗ ಯಾವಾಗ ಗೊತ್ತಾತು?"

"ಅವರು ಹೋಗಿ ಆರು ತಿಂಗಳಿಗೆ. ಎತ್ತಿಟ್ಟಿದ್ದ ರಕ್ತದ ಪರೀಕ್ಷೆ ಆದಾಗ."

"ಮೂವತ್ತೆರಡ ವರ್ಷ ಆತಲ್ರಿ ಬಾಯಾರ. ನಮ್ಮನಿ ಗೊತ್ತಿರಲಿಲ್ಲೇನು?"

"ಗೊತ್ತಿತ್ತು. ಎರಡ ಸಲ ಓಣಿ ತನಕಾ ಬಂದು ತಿರುಗಿ ಹೋಗೇನಿ."

"ಹಿಂಗ." ಮುದುಕಿ ತನ್ನ ಕೈಗಳನ್ನೇ ನೋಡಿಕೊಂಡಳು. "ಕಡೀ ದಿವಸ ನೀರು ಬೇಡಿದಾ. ತಂಬಿಗಿ ತಂದು ನೆಲಕ್ಕ ಕುಕ್ಕಿದೆ. ಕೈಯಾಗ ಕೊಡಲಿಲ್ಲ ನಾ. ಕುಡುಕಂಗ ಯಾಕ ಕೊಡಲಿ ಅಂತ."

ಶೈಲಜಾ ಅವಳ ಕೈ ಹಿಡಿಯಲು ಮುಂದೆ ಬಾಗಿದಳು.

"ಇವತ್ತ ಬ್ಯಾಡ್ರಿ ನಿಮ್ಮ ಕಾಳು," ಎಂದು ಹಜರತಬಿ ಎದ್ದು ಹೋದಳು.

ಆ ವಾರವೆಲ್ಲ ಶೈಲಜಾಗೆ ಒಂದೇ ಚಿಂತೆ. ಹಜರತಬಿಗೂ ಎರಡೂ ವೈರಸ್ ಇದ್ದವು. ಸಿಟ್ಟಿನಲ್ಲಿ ಮುದುಕಿ ಮಾತ್ರೆಯನ್ನೂ ನಿಲ್ಲಿಸಿಬಿಟ್ಟರೆ? ಇನ್ನೊಂದು ಯಕೃತ್ತು ತನ್ನಿಂದಲೇ ಕೆಟ್ಟರೆ? ಹಳೆಯ ಫೈಲು ತರಿಸಿ ಆ ಪದವನ್ನು ಹೊಡೆದುಹಾಕಿ, ವೈದ್ಯರ ತಪ್ಪು ಎಂದು ಬರೆದು ಸಹಿ ಮಾಡಿದಳು. ವೈದ್ಯ ಮಂಡಳಿಗೂ ಪತ್ರ ಕಳಿಸಿದಳು. ಪತ್ರಿಕೆಯವರು ಜೋಡಿಕಾಳನ್ನು ಹೊಗಳಿ ಬರೆದ ತುಣುಕುಗಳು ಮೇಜಿನ ಮೇಲಿದ್ದವು. ಅವನ್ನು ಓದಲು ಮನಸ್ಸಾಗಲಿಲ್ಲ. ದಾವಲಸಾಬ ಬದುಕಲು ಜೋಡಿಕಾಳು ಬೇಕಿರಲಿಲ್ಲ. ಬೆರಳ ತುದಿಯ ಒಂದು ಹನಿ ರಕ್ತ, ಅರ್ಧ ಗಂಟೆ, ಅಷ್ಟು ಸಾಕಿತ್ತು. ಆ ಪರೀಕ್ಷೆ ಆಗಲೂ ಇತ್ತು, ಅದಕ್ಕೆ ಎಷ್ಟೋ ವರ್ಷ ಮೊದಲೂ ಇತ್ತು. ಯಾರಾದರೂ ನೆನಪಿಟ್ಟು ಮಾಡಬೇಕಿತ್ತು, ಅಷ್ಟೇ.

ಶುಕ್ರವಾರ ಮಧ್ಯಾಹ್ನ ಹಜರತಬಿ ಬಂದಳು. ಸರದಿಯಲ್ಲಿ ಕೂತಳು. ಸಿಸ್ಟರ್ ಅಂಗೈ ಉಜ್ಜಿಕೊಂಡು ಅವಳ ತೋಳಿಗೆ ಕಾಳು ಇಟ್ಟಾಗ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದಳು. ಗುಳಿಗೆ ಒಂದು ದಿನವೂ ತಪ್ಪಿಸಿರಲಿಲ್ಲ ಎಂದು ರಕ್ತದ ವರದಿ ಹೇಳಿತು.

"ಇವತ್ತ ಗಂಡನ ಹೆಸರಲೆ ಫಾತಿಹಾ ಓದಿಸ್ಯಾರಂತ್ರಿ ಮೇಡಂ," ಎಂದು ಸಿಸ್ಟರ್ ಶೈಲಜಾಳ ಕಿವಿಯಲ್ಲಿ ಹೇಳಿದಳು. "ಅಂವ ಸತ್ತ ಮ್ಯಾಲ ಇದ ಮೊದಲನೇದಂತ. ಓಣ್ಯಾಗ ಎಲ್ಲಾರಿಗೂ ಊಟ ಹಂಚಿ ಬಂದಾರ."

ಹೊರಡುವಾಗ ಮುದುಕಿ ಶೈಲಜಾಳ ಮೇಜಿನ ಮುಂದೆ ನಿಂತಳು.  ಚೀಲದಿಂದ ಆ ಊಟದ ಅನ್ನ, ದಾಲ್ಚಾ ತುಂಬಿದ ಡಬ್ಬಿ ತೆಗೆದು, ಮೇಜಿನ ಮೇಲಿಡದೆ, ಎರಡೂ ಕೈಯಿಂದ ಅವಳ ಕೈಗೇ ಕೊಟ್ಟಳು.